ದಯವಿಟ್ಟು ನಿಮ್ಮ ಹಳೇ ಫೋನ್ ನೋಡಿ

‘ಒಟಿಪಿ ಯುಗ ಮುಗಿಯಿತು’ ಎಂದು ಅದೆಷ್ಟು ಸಂಭ್ರಮ! ಡಿಜಿಟಲ್ ಪಾವತಿ ಮಾಡುವವರು ನಾವೇ ಎಂದು ಖಚಿತಪಡಿಸುವ ಬಗೆಯ ಕುರಿತು ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ನಿರ್ದೇಶನ 2026ರ ಏಪ್ರಿಲ್ 1ರಿಂದ ಜಾರಿ ಅಂದಾಗ, ಕನಿಷ್ಠ ತಾರೀಖು ನೋಡಿಯಾದರೂ ನಮಗೆ ಅನುಮಾನ ಬರಬೇಕಿತ್ತು. ಎಸ್ಸೆಮ್ಮೆಸ್ ಒಟಿಪಿಗೆ ಅದರಲ್ಲಿ ಯಾರೂ ಮಣ್ಣು ಹಾಕಿಲ್ಲ. ಅದೊಂದನ್ನೇ ನೆಚ್ಚಿ ಕೂರಬೇಡಿ, ಆ್ಯಪ್, ಬೆರಳಚ್ಚು, ಟೋಕನ್ ಏನಾದರೂ ಆದೀತು ಅಂದಿದೆ, ಅಷ್ಟೆ. ಈ ಹೊಸ ದಾರಿಗಳೆಲ್ಲ ಹೆಚ್ಚುಕಡಿಮೆ ಎಲ್ಲಿ ವಾಸ? ಫೋನಿನಲ್ಲಿ. ಯಾವ ಫೋನಿನಲ್ಲಿ? ಮೊನ್ನೆ ಎಕ್ಸ್‌ಚೇಂಜಿಗೆ ಕೊಟ್ಟಿರಲ್ಲ, ಅದರಲ್ಲಿ.

ಎಕ್ಸ್‌ಚೇಂಜ್ ಎಂಬುದೇ ಒಂದು ದಿವ್ಯ ಏರ್ಪಾಡು. ಹುಡುಗ ಹೊಸ ಫೋನಿನ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿರುತ್ತಾನೆ. ಹಳೆಯದರಿಂದ ಗೂಗಲ್ ಖಾತೆ ತೆಗೆದು, ಆಮೇಲೆ ರೀಸೆಟ್ ಮಾಡಿ ಕೊಡಬೇಕು. ಖಾತೆ ತೆಗೆಯದೆ ಬರೀ ಬಟನ್ ಒತ್ತಿ ರೀಸೆಟ್ ಮಾಡಿದರೆ, ಮತ್ತೆ ಆನ್ ಆದ ತಕ್ಷಣ ಹಳೇ ಖಾತೆಯನ್ನೇ ಕೇಳುವ ಬೀಗ ಬೀಳುತ್ತದೆ. ಅಂಥದ್ದನ್ನು ಅವನು ಮುಟ್ಟುವುದಿಲ್ಲ. ನೀವು ಶಿಸ್ತಾಗಿ ಎಲ್ಲ ಅಳಿಸಿ, ಸಿಮ್ ತೆಗೆದು ಅಂಗೈಲಿಟ್ಟುಕೊಂಡು ನಿಂತಾಗ ಅವನು ಕೇಳುತ್ತಾನೆ: ‘ಸರ್, ಡೆಲಿವರಿ ಒಟಿಪಿ ಬಂತಾ?’ ಬಂದಿರುತ್ತದೆ. ಆಕಾಶದಲ್ಲೆಲ್ಲೋ ಸುತ್ತುತ್ತಿರುತ್ತದೆ. ಹೊಸ ಡಬ್ಬಿ ಒಡೆಯಲು ಒಟಿಪಿ ಬೇಕು, ಒಟಿಪಿ ನೋಡಲು ಫೋನ್ ಬೇಕು. ಕೊನೆಗೆ ಹೆಂಡತಿಯ ಫೋನಿನ ಸಿಮ್ ಕಿತ್ತು ನಿಮ್ಮದನ್ನು ತುರುಕಿ ಕೆಲಸ ಮುಗಿಸಬೇಕು. ಅದೇ ಹೊತ್ತಿಗೆ ಅವರಿಗೆ ಅಮ್ಮನ ಮನೆಯಿಂದ ಫೋನ್ ಬರಬೇಕಾಗಿರುತ್ತದೆ.

ರಾತ್ರಿ ಹೊಸ ಫೋನಿನಲ್ಲಿ ಮೇಲ್‌ಗೆ ಲಾಗಿನ್ ಆಗಲು ಕೂರಿ. ಪಾಸ್‌ವರ್ಡ್ ಸರಿಯಾಗಿದೆ, ಶಭಾಷ್. ‘ಇದು ನೀವೇ ಎಂದು ತಿಳಿಯಲು ನಿಮ್ಮ ಫೋನಿಗೆ ಸೂಚನೆ ಕಳಿಸಿದ್ದೇವೆ. ತೆರೆದು 47 ಒತ್ತಿ.’ ಆ ಫೋನ್ ಈಗ ಯಾವುದೋ ಗೋದಾಮಿನಲ್ಲಿ ನೂರಾರು ಫೋನ್‌ಗಳ ನಡುವೆ ಮಲಗಿದೆ. ‘ಬೇರೆ ವಿಧಾನ ಪ್ರಯತ್ನಿಸಿ’ ಒತ್ತಿದರೆ ಅಥೆಂಟಿಕೇಟರ್, ಅಂದರೆ ಲಾಗಿನ್ ಕೋಡ್ ತೋರಿಸುವ ಆ್ಯಪಿನ ಕೋಡ್ ಕೇಳುತ್ತದೆ, ಅದೂ ಗೋದಾಮಿನಲ್ಲೇ. ಇನ್ನೂ ಬೇರೆ ಅಂದರೆ ಎರಡನೇ ಮೇಲ್ ವಿಳಾಸ. ಆ ಎರಡನೇ ಮೇಲ್ ತೆರೆಯಲು ಹೋದರೆ ಕೋಡನ್ನು ಮೊದಲನೆಯದಕ್ಕೆ ಕಳಿಸಿದ್ದೇನೆ ಅನ್ನುತ್ತದೆ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಅಂದ ಹಿರಿಯರು ಆಗಲೇ ಲಾಗಿನ್ ಆಗಲು ನೋಡಿದ್ದರು ಅಂತ ಕಾಣುತ್ತದೆ.

ಈ ಅಥೆಂಟಿಕೇಟರ್ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಮೊದಲ ದಿನ ನೀವು ಸ್ಕ್ಯಾನ್ ಮಾಡುವ ಕ್ಯೂಆರ್ ಚಿತ್ರದೊಳಗೆ ಒಂದು ಗುಟ್ಟಿನ ಕೀಲಿ ಇರುತ್ತದೆ. ಆ ಕೀಲಿಯನ್ನೂ ಗಡಿಯಾರದ ಹೊತ್ತನ್ನೂ ಸೇರಿಸಿ ಅತ್ತ ಸರ್ವರ್, ಇತ್ತ ಫೋನ್ 30 ಸೆಕೆಂಡಿಗೊಮ್ಮೆ ಒಂದೇ ಲೆಕ್ಕ ಹಾಕುತ್ತವೆ. ಬರುವ ಆರಂಕಿ ಎರಡೂ ಕಡೆ ಹೊಂದಬೇಕು. ನೆಟ್‌ವರ್ಕ್ ಬೇಡ, ಸಿಮ್ ಬೇಡ. ನಿಜಕ್ಕೂ ಜಾಣ ಕೆಲಸ. ಆದರೆ ಕೀಲಿ ಸಿಮ್ಮಿನಲ್ಲಿಲ್ಲ, ನಂಬರಿನಲ್ಲಿಲ್ಲ, ಆ ಫೋನಿನ ಹೊಟ್ಟೆಯಲ್ಲಿದೆ. ಗೂಗಲ್ಲಿನ ಆ್ಯಪ್ ಬಂದದ್ದು 2010ರಲ್ಲಿ. ಕೀಲಿಗಳನ್ನು ಖಾತೆಗೆ ಬ್ಯಾಕಪ್ ಮಾಡುವ ಸೌಲಭ್ಯ ಬಂದದ್ದು 2023ರ ಏಪ್ರಿಲ್‌ನಲ್ಲಿ. ಜನ ಆಗಾಗ ಫೋನ್ ಬದಲಿಸುತ್ತಾರೆ ಎಂಬ ಸಂಗತಿ ತಿಳಿಯಲು 13 ವರ್ಷ! ಈಗಲೂ ಆ್ಯಪಿನೊಳಗೆ ಖಾತೆಗೆ ಸೈನ್ ಇನ್ ಆಗದೆ ಬಳಸುತ್ತಿದ್ದರೆ ಬ್ಯಾಕಪ್ ಸೊನ್ನೆ. ಇನ್ನೊಂದು ದಾರಿ ‘ಖಾತೆ ವರ್ಗಾವಣೆ’: ಹಳೆಯದರಲ್ಲಿ ಕ್ಯೂಆರ್ ತೋರಿಸಿ ಹೊಸದರಲ್ಲಿ ಸ್ಕ್ಯಾನ್ ಮಾಡುವುದು. ಅಂತರಪಟ ಸರಿಸಿದ ವಧೂವರರ ಹಾಗೆ ಎರಡೂ ಎದುರುಬದುರು ನಿಲ್ಲಬೇಕು. ಹಳೆಯದರ ಸ್ಕ್ರೀನ್ ಒಡೆದೇ ಹೊಸದು ಕೊಂಡಿದ್ದರೆ ಮುಹೂರ್ತ ತಪ್ಪಿತು. ಇನ್ನು, ಫೋನಿನ ಗಡಿಯಾರ ‘ಆಟೊಮ್ಯಾಟಿಕ್’ ಇಲ್ಲದೆ ಎರಡು ಮೂರು ನಿಮಿಷ ಹಿಂದೆ ಬಿದ್ದಿದ್ದರೆ ಕೋಡ್ ತಪ್ಪಾಗುತ್ತದೆ. ಗಡಿಯಾರ ತಪ್ಪಿದೆ ಅಂತ ಯಾವ ಮಹಾಶಯನೂ ಹೇಳುವುದಿಲ್ಲ, ‘ತಪ್ಪು ಕೋಡ್’ ಅಂತಷ್ಟೇ ಬೈಯುತ್ತಾನೆ.

ಯುಪಿಐ ಪಾಲಿಗೆ ಬರೋಣ. ಹೊಸ ಫೋನಿನಲ್ಲಿ ಅದನ್ನು ಶುರು ಮಾಡುವಾಗ ಎಸ್ಸೆಮ್ಮೆಸ್ ನಿಮಗೆ ಬರುವುದಲ್ಲ, ನಂಬರ್ ನಿಮ್ಮದೇ ಎಂದು ತೋರಿಸಲು ನಿಮ್ಮ ಸಿಮ್ಮಿನಿಂದ ಸದ್ದಿಲ್ಲದೆ ಹೋಗುವುದು. ಹೋಗಬೇಕಾದರೆ ವ್ಯಾಲಿಡಿಟಿ ಇರಬೇಕು, ಎಸ್ಸೆಮ್ಮೆಸ್‌ಗೆ ಪ್ಯಾಕ್ ಇರಬೇಕು ಇಲ್ಲವೇ ಬ್ಯಾಲೆನ್ಸ್ ಇರಬೇಕು. ಇದ್ಯಾವುದೂ ಇಲ್ಲದಿದ್ದರೆ ಚಕ್ರ ಗಿರಗಿರ ತಿರುಗಿ ‘ಮತ್ತೆ ಪ್ರಯತ್ನಿಸಿ’. ಎರಡು ಸಿಮ್ ಇದ್ದರೆ ಬ್ಯಾಂಕಿಗೆ ಕೊಟ್ಟಿದ್ದನ್ನೇ ಆರಿಸಬೇಕು. ಹೊಸ ಫೋನಿನಲ್ಲಿ ಸಿಮ್ಮುಗಳು ಜಾಗ ಬದಲಿಸಿರುತ್ತವೆ. ಗೆದ್ದಿರೋ, ಸಾಮಾನ್ಯವಾಗಿ ಮೊದಲ 24 ಗಂಟೆ 5,000 ರೂಪಾಯಿ ಮಿತಿ. ಐವತ್ತು ಸಾವಿರದ ಫೋನ್ ಕೊಂಡವನು ಅದೇ ಸಂಜೆ ಬಾಡಿಗೆ ಕಟ್ಟಲಾರ. ಫೋನ್ ಕಳೆದು ಡುಪ್ಲಿಕೇಟ್ ಸಿಮ್ ತೆಗೆಸಿದ್ದರಂತೂ 24 ಗಂಟೆ ಎಸ್ಸೆಮ್ಮೆಸ್ ಒಳಗೂ ಬರದು, ಹೊರಗೂ ಹೋಗದು. ನಿಮ್ಮ ಹೆಸರಲ್ಲಿ ಇನ್ನೊಬ್ಬ ಸಿಮ್ ತೆಗೆಸಿ ಖಾತೆ ಬಳಿಯುವುದನ್ನು ತಡೆಯಲು ಮಾಡಿದ ನಿಯಮ ಇದು; ಒಪ್ಪತಕ್ಕದ್ದೇ. ಬಿಡಿಬಿಡಿಯಾಗಿ ನೋಡಿದರೆ ಪ್ರತಿಯೊಂದು ನಿಯಮವೂ ಒಪ್ಪತಕ್ಕದ್ದೇ.

‘ಈ ಒಟಿಪಿಯನ್ನು ಯಾರಿಗೂ ಹೇಳಬೇಡಿ.’ ಇದರಷ್ಟು ಸಾರ್ವಜನಿಕವಾಗಿ ಮುರಿದು ಬೀಳುವ ಆಜ್ಞೆ ಇನ್ನೊಂದಿಲ್ಲ. ಸಿಲಿಂಡರ್ ತಂದವನು ಕೆಳಗಿನ ಮೆಟ್ಟಿಲಿಂದಲೇ ಕೂಗುತ್ತಾನೆ, ‘ಅಕ್ಕಾ, ಕೋಡ್ ಹೇಳ್ರೀ.’ ಅಕ್ಕ ಮೂರನೇ ಮಹಡಿಯಿಂದ ಇಡೀ ಕೇರಿಗೆ ಕೇಳುವಂತೆ ಹೇಳುತ್ತಾರೆ. ಆಟೊದವರಿಗೆ ಹೇಳಬೇಕು, ಕೊರಿಯರ್‌ನವರಿಗೆ ಹೇಳಬೇಕು, ಸೈಬರ್ ಸೆಂಟರಿನಲ್ಲಿ ಅರ್ಜಿ ತುಂಬುವ ಹುಡುಗನಿಗೆ ಹೇಳಬೇಕು. ದಿನಕ್ಕೆ ನಾಲ್ಕು ಸಲ ಅಪರಿಚಿತರಿಗೆ ನಂಬರ್ ಹೇಳಿ ಅಂತ ಅಭ್ಯಾಸ ಮಾಡಿಸಿ, ಐದನೇ ಸಲ ಹೇಳಿದಾಗ ‘ಅಯ್ಯೋ, ಜನಕ್ಕೆ ಅರಿವೇ ಇಲ್ಲ’ ಎಂದು ಜಾಗೃತಿ ಸಪ್ತಾಹ ಮಾಡುತ್ತೇವೆ. ಬ್ಯಾಂಕಿನವರು ಎಂದೂ ಗುಟ್ಟಿನ ವಿವರ ಕೇಳುವುದಿಲ್ಲವಂತೆ. ಗುರುತಿಲ್ಲದ ನಂಬರಿನಿಂದ ಫೋನ್ ಮಾಡಿ ‘ವೆರಿಫೈ ಮಾಡಲು ಹುಟ್ಟಿದ ದಿನಾಂಕ ಹೇಳಿ’ ಅನ್ನುವವರು ಮಾತ್ರ ಅವರೇ.

ಇಲ್ಲಿ ನಗು ಸಾಕು. ಹಳ್ಳಿಯ ಎಷ್ಟೋ ಮನೆಗಳಲ್ಲಿ ಅಜ್ಜಿಯ ಆಧಾರ್‌ಗೆ ಮೊಮ್ಮಗನ ನಂಬರ್ ಇದೆ. ಅವನು ಬೆಂಗಳೂರಿನಲ್ಲಿ. ಅಜ್ಜಿ ಸರ್ಕಾರಿ ಸೇವೆ ಕೊಡುವ ಗ್ರಾಮ ಒನ್ ಕೇಂದ್ರದಲ್ಲಿ ಬೆಂಚಿನ ಮೇಲೆ. ಕೋಡ್ ಅವನ ಫೋನಿಗೆ ಬಂದು, ಅವನು ಮೀಟಿಂಗಿನಿಂದ ಹೊರಬರುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಅವನು ಆ ನಂಬರ್ ಬಿಟ್ಟು ಹೊಸ ಆಫರ್ ಹಿಡಿದನೋ, ಅಜ್ಜಿಯ ಗುರುತು ಆ ನಂಬರಿನ ಜೊತೆಗೇ ಹೋಯಿತು. 90 ದಿನ ಬಳಸದ ನಂಬರ್ ಬಂದ್ ಆಗುತ್ತದೆ, ಆಮೇಲೆ ಇನ್ನಾರದೋ ಪಾಲಾಗುತ್ತದೆ, ಅಜ್ಜಿಯ ಕೋಡ್‌ಗಳ ಸಮೇತ. ಒಬ್ಬ ಮನುಷ್ಯನ ಪಿಂಚಣಿ, ರೇಷನ್, ಬ್ಯಾಂಕು ಎಲ್ಲವನ್ನೂ ಒಂದು ರೀಚಾರ್ಜಿಗೆ ಕಟ್ಟಿಹಾಕಿದವರು ಯಾರೂ ಆ ಬೆಂಚಿನ ಮೇಲೆ ಒಂದು ದಿನ ಕೂತವರಲ್ಲ. ಕಳ್ಳನಿಗೆ ಇದ್ಯಾವ ಕಷ್ಟವೂ ಇಲ್ಲ. ಅವನು ಫೋನ್ ಮಾಡಿ ಕೇಳುತ್ತಾನೆ, ಕೊಡುತ್ತಾರೆ.

ಕ್ಯಾಲಿಫೋರ್ನಿಯಾದ ಕನ್ನಡಿಗರು ಈ ವಿಷಯದಲ್ಲಿ ನಮಗಿಂತ ಭಕ್ತರು. ತಿಂಗಳಿಗೊಂದು ಕರೆ ಬಾರದ ಊರಿನ ಸಿಮ್ಮಿಗೆ, ಒಟಿಪಿಗೋಸ್ಕರ ಮಾತ್ರ, ವರ್ಷವರ್ಷವೂ ಎಣ್ಣೆ ಹಾಕಿ ನಂದಾದೀಪದಂತೆ ಉರಿಸುತ್ತಾರೆ.

ಹಾಗಾದರೆ ಹಳೆಯದನ್ನು ಕೈಬಿಡುವ ಮುಂಚೆ ಏನು ಮಾಡಬೇಕು? ಅಥೆಂಟಿಕೇಟರ್ ವರ್ಗಾಯಿಸಿ, ಹೊಸದರಲ್ಲಿ ಒಂದು ಕೋಡ್ ಹಾಕಿ ನಿಜವಾಗಿ ಲಾಗಿನ್ ಆಗಿ ನೋಡಿ. ಗೂಗಲ್ ಎಂಟಂಕಿಯ ಹತ್ತು ಬ್ಯಾಕಪ್ ಕೋಡ್ ಕೊಡುತ್ತದೆ, ಒಂದೊಂದು ಒಮ್ಮೆ ಮಾತ್ರ ನಡೆಯುತ್ತದೆ. ಕಾಗದದ ಮೇಲೆ ಬರೆದು ಬೀರುವಿನಲ್ಲಿ ರೇಷನ್ ಕಾರ್ಡಿನ ಜೊತೆ ಇಡಿ. ಅದನ್ನು ಅದೇ ಜಿಮೇಲ್‌ಗೆ ಮೇಲ್ ಮಾಡಿಕೊಳ್ಳುವ ಜಾಣರಿದ್ದಾರೆ, ಬೀಗದ ಕೈ ಒಳಗಿಟ್ಟು ಬಾಗಿಲೆಳೆದುಕೊಂಡ ಹಾಗೆ. ವಾಟ್ಸ್ಆ್ಯಪಿನ ಆರಂಕಿ ಪಿನ್‌ಗೆ ಒಂದು ಮೇಲ್ ವಿಳಾಸ ಸೇರಿಸಿ. ಇಲ್ಲದಿದ್ದರೆ ಪಿನ್ ಮರೆತ ದಿನ ಏಳು ದಿನದ ಸೂತಕ. ಇ-ಸಿಮ್, ಅಂದರೆ ಫೋನಿನೊಳಗೇ ಬೆಸೆದ ಸಿಮ್ ಇದ್ದರೆ ಮೊದಲು ಅದನ್ನು ಹೊಸ ಫೋನಿಗೆ ಸಾಗಿಸಿ, ಒಡೆದ ಫೋನಿನಿಂದ ಸೂಜಿ ಚುಚ್ಚಿ ಕೀಳಲು ಅಲ್ಲೇನೂ ಇರುವುದಿಲ್ಲ. ಇಷ್ಟಾದ ಮೇಲೂ ಮರೆತ ಯಾವುದೋ ಆ್ಯಪ್ ಒಂದು ವಾರದ ನಂತರ ‘ನಿಮ್ಮ ಹಳೇ ಫೋನ್ ನೋಡಿ’ ಅಂದೇ ಅನ್ನುತ್ತದೆ. ಆದ್ದರಿಂದ ಎಕ್ಸ್‌ಚೇಂಜಿನ ದುಡ್ಡಿನ ಆಸೆ ಬಿಟ್ಟು ಹಳೆಯದನ್ನು ಡ್ರಾಯರಿನಲ್ಲೇ ಇಟ್ಟುಕೊಳ್ಳಿ, ವೈಫೈ ಹಾಕಿ, ವಾರಕ್ಕೊಮ್ಮೆ ಚಾರ್ಜ್ ಮಾಡಿ. ಅದರ ಅಡಿಯಲ್ಲಿ ಅದಕ್ಕೂ ಹಿಂದಿನದು ಮಲಗಿರುತ್ತದೆ, ಇನ್ನೂ ಒಂದೆರಡು ಕೀಲಿ ಹೊಟ್ಟೆಯಲ್ಲಿಟ್ಟುಕೊಂಡು. ಅದಕ್ಕೆ ಹೊಂದುವ ಚಾರ್ಜರ್ ಮಾತ್ರ ಮನೆಯಲ್ಲಿ ಯಾರ ಹತ್ತಿರವೂ ಇಲ್ಲ.