ಪೊರಕೆಗೆ ಜಾಗವಿಲ್ಲದ ಮನೆ

ಮನೆ ಕಟ್ಟಿಸುವವರು ತಪ್ಪದೆ ಪಾಲಿಸಿಕೊಂಡು ಬಂದಿರುವ ಒಂದು ಅಲಿಖಿತ ಕ್ರಮವಿದೆ. ಮೊದಲು ಗೋಡೆಗಳೆಲ್ಲ ಎದ್ದು ನಿಲ್ಲಬೇಕು. ವೈರು ಹಾಯುವ ಪೈಪುಗಳನ್ನು ಗೋಡೆಯೊಳಗೆ ಹೂತು, ಮೇಲೆ ಗಾರೆ ಮೆತ್ತಿ, ಆ ಗಾರೆ ಒಣಗಿ, ನೆಲಕ್ಕೆ ಟೈಲ್ಸ್ ಕೂತು, ಇನ್ನು ಏನನ್ನೂ ಬದಲಿಸಲು ಸಾಧ್ಯವಿಲ್ಲ ಎಂಬುದು ಖಚಿತವಾದ ಆ ಶುಭಗಳಿಗೆಯಲ್ಲಿ ಒಳಾಂಗಣ ವಿನ್ಯಾಸಕರನ್ನು ಕರೆಸಬೇಕು. ಅವರು ಬಂದು ಮಲಗುವ ಕೋಣೆಯ ನಡುವೆ ನಿಂತು, ಸುತ್ತ ಒಮ್ಮೆ ನೋಡಿ, "ಮಂಚ ಎಲ್ಲಿ ಬರುತ್ತದೆ?" ಎಂದು ಕೇಳುತ್ತಾರೆ. ಮಲಗುವ ಕೋಣೆಯಲ್ಲಿ ಮಂಚವನ್ನೂ ಹಾಕಬೇಕಾಗುತ್ತದೆ ಎಂಬ ವಿಚಾರ ಮನೆಯವರಿಗೆ ಹೊಳೆಯುವುದು ಆಗಲೇ. ಅದನ್ನು ಹಾಕಬಹುದಾದ ಗೋಡೆ ಒಂದೇ ಒಂದು. ಅದರ ನಟ್ಟನಡುವೆ, ತಲೆದಿಂಬಿನ ಸರಿನೇರಕ್ಕೆ, ಎಂಟು ಗುಂಡಿಗಳ ಸ್ವಿಚ್‌ಬೋರ್ಡ್ ವಿರಾಜಮಾನವಾಗಿರುತ್ತದೆ.

ಒಳಾಂಗಣ ವಿನ್ಯಾಸಕರೆಂದರೆ ಎಲ್ಲ ಮುಗಿದ ಮೇಲೆ ಪರದೆಯ ಬಣ್ಣ ಆರಿಸಿಕೊಡುವವರು ಎಂಬ ನಂಬಿಕೆಗೆ ಇರುವಷ್ಟು ಗಟ್ಟಿತನ ಎಷ್ಟೋ ಮನೆಗಳ ಅಡಿಪಾಯಕ್ಕೂ ಇರಲಾರದು. ನಕ್ಷೆ ಬರೆಯುವಾಗಲೇ ಅವರನ್ನು ಕರೆಸುವುದು ದುಂದುವೆಚ್ಚವೆಂದು ಲೋಕದ ಒಮ್ಮತದ ಅಭಿಪ್ರಾಯ. ಆದರೆ ಅವರಿಲ್ಲದ ಕಾಲದಲ್ಲಿ ಮನೆಯ ಒಳಗನ್ನು ಯಾರೂ ವಿನ್ಯಾಸ ಮಾಡುತ್ತಿರಲಿಲ್ಲವೆಂದು ತಿಳಿಯಬಾರದು. ಎಲೆಕ್ಟ್ರಿಷಿಯನ್ ಮಾಡುತ್ತಿರುತ್ತಾನೆ, ಎಲ್ಲಿಗೆ ಪೈಪು ಕಡಿಮೆ ಸಾಕೋ ಅಲ್ಲಿ ಸಾಕೆಟ್ಟು. ಪ್ಲಂಬರ್ ಮಾಡುತ್ತಿರುತ್ತಾನೆ, ಬಚ್ಚಲ ನೀರಿಗೆ ಎಲ್ಲಿ ಇಳಿಜಾರು ಸುಲಭವೋ ಅಲ್ಲಿ ಸಿಂಕು. ಬಾಗಿಲು ಒಳಕ್ಕೆ ತೆರೆಯಬೇಕೋ ಹೊರಕ್ಕೋ, ಎಡಕ್ಕೋ ಬಲಕ್ಕೋ ಎಂಬುದನ್ನು ಮೇಸ್ತ್ರಿಯು ಚೌಕಟ್ಟು ನಿಲ್ಲಿಸುವ ಹೊತ್ತಿನಲ್ಲಿ ಯಾರನ್ನೂ ಕೇಳದೆ ತೀರ್ಮಾನಿಸಿರುತ್ತಾನೆ, ಏಕೆಂದರೆ ಕೇಳಬಹುದಾದವರು ಆ ಹೊತ್ತಿನಲ್ಲಿ ಹೊರಗೋಡೆಗೆ ಯಾವ ಬಣ್ಣವೆಂದು ಜಗಳವಾಡುತ್ತಿರುತ್ತಾರೆ. ಇವರೆಲ್ಲರೂ ತಮ್ಮ ತಮ್ಮ ಕೆಲಸದಲ್ಲಿ ನಿಪುಣರೇ. ಆ ಮನೆಯಲ್ಲಿ ಬದುಕುವುದು ಮಾತ್ರ ಅವರಲ್ಲಿ ಯಾರ ಕೆಲಸವೂ ಅಲ್ಲ. ಹೀಗಾಗಿ ಬಚ್ಚಲಮನೆಯ ಬಾಗಿಲು ತೆರೆದಿದ್ದರೆ ಬೀರುವಿನ ಬಾಗಿಲು ತೆರೆಯುವುದಿಲ್ಲ, ಬೀರುವಿನ ಬಾಗಿಲು ತೆರೆಯಬೇಕಾದರೆ ತೆರೆಯುವವರು ಮಂಚದ ಮೇಲೆ ಹತ್ತಿ ನಿಲ್ಲಬೇಕಾಗುತ್ತದೆ, ಮತ್ತು ಈ ಏರ್ಪಾಟಿಗೆ ಜೀವಮಾನದ ಉಳಿತಾಯವನ್ನೆಲ್ಲ ಸುರಿದವರು ಅದನ್ನೊಂದು ಬಗೆಯ ವ್ಯಾಯಾಮವೆಂದು ಸ್ವೀಕರಿಸುತ್ತಾರೆ.

ವಿನ್ಯಾಸಕರು ಬೇಡವೇ ಬೇಡ ಎನ್ನುವ ಸ್ವಾಭಿಮಾನಿಗಳ ಪಂಗಡವೂ ಇದೆ. "ನಮ್ಮ ಮನೆ ಹೇಗಿರಬೇಕೆಂದು ನಮಗೆ ಗೊತ್ತಿಲ್ಲವೇ?" ಎಂದು ಅವರು ಕೇಳುವ ಧಾಟಿಯಲ್ಲೇ ಉತ್ತರವನ್ನು ಅವರು ಬಯಸುತ್ತಿಲ್ಲವೆಂಬುದು ಸ್ಪಷ್ಟವಾಗಿರುತ್ತದೆ. ಗೊತ್ತಿರುವುದಕ್ಕೆ ಸಾಕ್ಷಿಯಾಗಿ ಮೊಬೈಲಿನಲ್ಲಿ ಕೂಡಿಟ್ಟ ಚಿತ್ರಗಳಿವೆ. ಹಿಮ ಬೀಳುವ ನಾಡಿನ ಬೆಂಕಿಗೂಡು, ಸಮುದ್ರದಂಡೆಯ ಬಂಗಲೆಯ ಗಾಜಿನ ಗೋಡೆ, ಯಾವುದೋ ಹೋಟೆಲಿನ ಕಪ್ಪು ಸ್ನಾನಗೃಹ, ಇವೆಲ್ಲವನ್ನೂ ಒಂದೇ ಹಜಾರದಲ್ಲಿ ಕೂಡಿಸಿಕೊಡುವ ಹೊಣೆಯನ್ನು ಬಡಗಿಗೆ ವಹಿಸಲಾಗುತ್ತದೆ. ಚಿತ್ರದಲ್ಲಿರುವ ಕೋಣೆಯೊಂದೇ ತಮ್ಮ ಇಡೀ ನಿವೇಶನದಷ್ಟಿದೆ ಎಂಬ ಕ್ಷುಲ್ಲಕ ಸಂಗತಿ ಯಾರನ್ನೂ ಬಾಧಿಸುವುದಿಲ್ಲ. ಕುಟುಂಬದಲ್ಲಿ ಅಭಿರುಚಿಗೆ ಹೆಸರಾದ ಬಾವಮೈದುನನೊಬ್ಬ ಇದ್ದೇ ಇರುತ್ತಾನೆ. ಅವನ ಸಲಹೆ ಉಚಿತವಾದ್ದರಿಂದ ಅದನ್ನು ಪೂರ್ತಿಯಾಗಿ ಜಾರಿಗೆ ತರಲಾಗುತ್ತದೆ. ಆಮೇಲೆ ಗಾರೆಯನ್ನು ಮತ್ತೆ ಕೊರೆದು, ಪೈಪನ್ನು ಸರಿಸಿ, ತೇಪೆ ಹಾಕಿ, ಆ ತೇಪೆಯ ಬಣ್ಣ ಉಳಿದ ಗೋಡೆಗೆ ಹೊಂದದೆ ಇಡೀ ಗೋಡೆಗೆ ಬಣ್ಣ ಬಳಿಸುವಷ್ಟರಲ್ಲಿ ವಿನ್ಯಾಸಕರ ಶುಲ್ಕವೆಂದು ಉಳಿಸಿದ ಹಣ ಎರಡು ಸಲ ಖರ್ಚಾಗಿರುತ್ತದೆ. ಆದರೆ ಅದು ದುರಸ್ತಿಯ ಲೆಕ್ಕದಲ್ಲಿ ಬರುವುದರಿಂದ ಉಳಿತಾಯದ ಹೆಮ್ಮೆಗೆ ಏನೂ ಧಕ್ಕೆಯಿಲ್ಲ.

ಇನ್ನು ವಿನ್ಯಾಸಕರನ್ನು ನೇಮಿಸಿಕೊಂಡ ಭಾಗ್ಯಶಾಲಿಗಳ ಮಾತು. ಅವರಿಗೆ ಮೊದಲು ದೊರೆಯುವುದು ಕಂಪ್ಯೂಟರಿನಲ್ಲಿ ಮೂಡಿಸಿದ ತ್ರೀಡಿ ಚಿತ್ರ. ಅದನ್ನು ಕಂಡ ಮೇಲೆ ಒಪ್ಪಂದಕ್ಕೆ ಸಹಿ ಹಾಕದವರು ವಿರಳ. ಆ ಚಿತ್ರದಲ್ಲಿ ಟಿವಿಯಿದೆ, ಅದಕ್ಕೆ ವೈರಿಲ್ಲ. ದೀಪಗಳಿವೆ, ಸ್ವಿಚ್ಚುಗಳಿಲ್ಲ. ಕಿಟಕಿಯೇ ಇಲ್ಲದ ಕಡೆಯಿಂದ ಎಳೆಬಿಸಿಲು ಬಂದು ನೆಲದ ಮೇಲೆ ಬಿದ್ದಿದೆ. ಕ್ಯಾಮೆರಾವನ್ನು ಗೋಡೆಯ ಆಚೆಗಿಟ್ಟು ನೋಡಿದಂತೆ ಬಿಡಿಸಿರುವುದರಿಂದ, ವಾಸ್ತವದಲ್ಲಿ ಎದುರು ಗೋಡೆಗೆ ಬೆನ್ನು ತಾಗಿಸಿ ನಿಂತರೂ ಕಾಣದಷ್ಟು ವಿಶಾಲತೆ ಅದರಲ್ಲಿ ಕಾಣುತ್ತದೆ. ಮೇಜಿನ ಮೇಲೆ ಬಟ್ಟಲೊಂದರಲ್ಲಿ ಒಂದೇ ಬಣ್ಣದ ಹಣ್ಣುಗಳಿವೆ, ಯಾರೂ ತಿನ್ನುವುದಿಲ್ಲ. ಸೋಫಾದ ತೋಳಿನ ಮೇಲೆ ಹೊದಿಕೆಯೊಂದನ್ನು ನಿರ್ಲಕ್ಷ್ಯದಿಂದ ಎಸೆದಂತೆ ಬಹು ಲಕ್ಷ್ಯದಿಂದ ಇಡಲಾಗಿದೆ. ಒಟ್ಟಿನಲ್ಲಿ ಅದು ಮನುಷ್ಯರು ವಾಸಿಸಲು ತಕ್ಕ ಮನೆಯೇ ಹೌದು, ಆದರೆ ಆ ಮನುಷ್ಯರಿಗೆ ಚಪ್ಪಲಿ, ಛತ್ರಿ, ಔಷಧಿ, ಒದ್ದೆ ಟವೆಲ್ಲು, ಶಾಲೆಗೆ ಹೋಗುವ ಮಕ್ಕಳು, ಕೆಮ್ಮುವ ಅಜ್ಜ ಇವುಗಳಲ್ಲಿ ಯಾವುದೂ ಇರಕೂಡದು.

ಮತ್ತು ಪೊರಕೆ ಇರಕೂಡದು. ಒಳಾಂಗಣ ವಿನ್ಯಾಸದ ಎಲ್ಲ ತತ್ತ್ವಗಳೂ ಸೋಲುವುದು ಪೊರಕೆಯ ಎದುರಿನಲ್ಲಿ. ನೀಳವಾದ, ಬಡಪಾಯಿಯಾದ, ದಿನಕ್ಕೆರಡು ಬಾರಿ ಬೇಕೇ ಬೇಕಾದ ಆ ವಸ್ತು ಎಲ್ಲಿ ನಿಲ್ಲಬೇಕೆಂದು ಯಾವ ಚಿತ್ರವೂ ಹೇಳುವುದಿಲ್ಲ. ಮನೆಯವರಿಗೆ ಯಾವ ಬಣ್ಣ ಇಷ್ಟ, ಯಾವ ಶೈಲಿ ಇಷ್ಟ, ತಮ್ಮ ವ್ಯಕ್ತಿತ್ವವನ್ನು ಮೂರು ಮಾತುಗಳಲ್ಲಿ ಹೇಗೆ ವರ್ಣಿಸಿಕೊಳ್ಳುತ್ತಾರೆ ಎಂಬ ಪ್ರಶ್ನಾವಳಿಯನ್ನು ತುಂಬಿಸಿಕೊಂಡ ವಿನ್ಯಾಸಕರು ಪೊರಕೆ, ಒರೆಸುವ ಬಟ್ಟೆ, ಬಕೀಟು, ಏಣಿ, ಖಾಲಿ ಸೂಟ್‌ಕೇಸುಗಳು, ನೆಂಟರು ಬಂದಾಗ ಹಾಸುವ ಹಾಸಿಗೆ ಇವುಗಳ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಿರುವುದಿಲ್ಲ. ಹೀಗಾಗಿ ಅತ್ಯಾಧುನಿಕ ಮನೆಯ ಅತಿಥಿಗಳ ಕೋಣೆಯ ಬಾಗಿಲ ಹಿಂದೆ, ದುಬಾರಿ ವಾಲ್‌ಪೇಪರಿಗೆ ಒರಗಿಕೊಂಡು, ಪೊರಕೆಯು ತಲೆಮರೆಸಿಕೊಂಡು ಬದುಕುತ್ತದೆ.

ಈ ಕಷ್ಟ ಇಂದಿನದಲ್ಲ, ಸಾಮಾನ್ಯರಿಗಷ್ಟೇ ಬಂದದ್ದೂ ಅಲ್ಲ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಈಡಿತ್ ಫಾರ್ನ್ಸ್‌ವರ್ತ್ ಎಂಬ ವೈದ್ಯೆಗಾಗಿ ಪ್ರಖ್ಯಾತ ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋಹೆ ಸುತ್ತಲೂ ಗಾಜಿನ ಗೋಡೆಗಳಿರುವ ಮನೆಯೊಂದನ್ನು 1951ರಲ್ಲಿ ಮುಗಿಸಿಕೊಟ್ಟರು. ಇಪ್ಪತ್ತನೆಯ ಶತಮಾನದ ಶ್ರೇಷ್ಠ ಕಟ್ಟಡಗಳ ಪಟ್ಟಿಯಲ್ಲಿ ಅದಕ್ಕೆ ಖಾಯಂ ಸ್ಥಾನವಿದೆ. ಆ ವೈದ್ಯೆ ಮಾತ್ರ, ತಾನು ಸಿಂಕಿನ ಕೆಳಗೆ ಕಸದ ಬುಟ್ಟಿ ಇಡುವುದಿಲ್ಲ, ಏಕೆಂದರೆ ಅದು ಹೊರಗಿನ ರಸ್ತೆಗೆ ಕಾಣಿಸಿ ಇಡೀ ಮನೆಯ ಅಂದ ಕೆಡಿಸುತ್ತದೆ ಎಂದು ದೂರಿಕೊಂಡರು. ಬಟ್ಟೆಯ ಹ್ಯಾಂಗರೊಂದನ್ನು ತೂಗುಹಾಕಬೇಕಾದರೂ ಅದು ಹೊರಗಿನಿಂದ ಹೇಗೆ ಕಂಡೀತೆಂದು ಯೋಚಿಸಬೇಕಾಗಿದೆ ಎಂದರು. ಶುಲ್ಕ ಮತ್ತು ಖರ್ಚಿನ ವಿಚಾರದಲ್ಲಿ ಇಬ್ಬರೂ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಈಗ ಆ ಮನೆ ಸಾರ್ವಜನಿಕರ ವೀಕ್ಷಣೆಗೆ ತೆರೆದಿದೆ. ಒಳಗೆ ಯಾರೂ ವಾಸಿಸುತ್ತಿಲ್ಲವಾದ್ದರಿಂದ ಕಸದ ಬುಟ್ಟಿಯ ಸಮಸ್ಯೆ ಸಂಪೂರ್ಣವಾಗಿ ಬಗೆಹರಿದಿದೆ.

ವಿನ್ಯಾಸವೆಂದರೆ ಬರೀ ಇಷ್ಟೇ ಎನ್ನುವಂತಿದ್ದರೆ ಈ ಅಂಕಣಕ್ಕೆ ಕೆಲಸ ಸುಲಭವಾಗುತ್ತಿತ್ತು. ಆದರೆ ಅದಕ್ಕೂ ಹಿಂದೆ, 1926ರಲ್ಲಿ, ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಹೊಸ ವಸತಿ ಬಡಾವಣೆಗಳಿಗಾಗಿ ಮಾರ್ಗರೆಟೆ ಶ್ಯುಟ್ಟೆ-ಲಿಹೋಟ್ಸ್ಕಿ ಎಂಬ ವಾಸ್ತುಶಿಲ್ಪಿ ಒಂದು ಅಡುಗೆಮನೆಯನ್ನು ರೂಪಿಸಿದ್ದರು. ಅದರ ಅಗಲ ಸುಮಾರು 1.9 ಮೀಟರ್, ಉದ್ದ ಸುಮಾರು 3.4 ಮೀಟರ್, ಅಷ್ಟೇ. ಅಡುಗೆ ಮಾಡುವವರು ಎಷ್ಟು ಹೆಜ್ಜೆ ಇಡುತ್ತಾರೆ, ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬ ಅಧ್ಯಯನಗಳನ್ನು ಆಧರಿಸಿ, ಕುಳಿತು ಕೆಲಸ ಮಾಡಲು ತಿರುಗುವ ಸ್ಟೂಲು, ಬೇಕಾದ ಕಡೆಗೆ ಸರಿಸಬಹುದಾದ ದೀಪ, ಗೋಡೆಯಿಂದ ಕೆಳಗಿಳಿಸಬಹುದಾದ ಇಸ್ತ್ರಿ ಹಲಗೆ, ಹಿಟ್ಟಿಗೆ ಹುಳ ಬೀಳದಿರಲೆಂದು ಓಕ್ ಮರದ ಡಬ್ಬಿ, ಇವೆಲ್ಲವನ್ನೂ ಆ ಇಕ್ಕಟ್ಟಿನಲ್ಲೇ ಹೊಂದಿಸಿದರು. ಅಂಥ ಅಡುಗೆಮನೆಗಳು ಸುಮಾರು 10,000 ತಯಾರಾದವು. ಅದುವರೆಗೆ ತಾನು ಅಡುಗೆಯನ್ನೇ ಮಾಡಿದವಳಲ್ಲವೆಂದು ಆಕೆ ಮುಂದೆ ಒಪ್ಪಿಕೊಂಡದ್ದುಂಟು. ಇಬ್ಬರು ನಿಂತರೆ ಮೈಗೆ ಮೈ ತಾಗುತ್ತದೆ ಎಂಬ ದೂರೂ ಬಂತು. ಹಾಗಿದ್ದರೂ ಅಡುಗೆ ಮಾಡದವರೊಬ್ಬರು ಅಡುಗೆ ಮಾಡುವವರ ಹೆಜ್ಜೆಗಳನ್ನು ಲೆಕ್ಕಹಾಕಿದ್ದರು. ಇಂದು ಅಡುಗೆಯನ್ನೇ ಮಾಡುವವರು ಮನೆ ಕಟ್ಟಿಸುವಾಗಲೂ ಆ ಲೆಕ್ಕವನ್ನು ಯಾರೂ ಕೇಳುವುದಿಲ್ಲ, ಕ್ಯಾಬಿನೆಟ್ಟಿನ ಬಾಗಿಲು ಮಿರುಗುವಂಥದ್ದೋ ಮಂಕಾದದ್ದೋ ಎಂದಷ್ಟೇ ಕೇಳುತ್ತಾರೆ.

ವಿನ್ಯಾಸಕರಿಂದ ಸಿಗಬಹುದಾದ ನಿಜವಾದ ಲಾಭವೆಲ್ಲ ಹೀಗೆ ಫೋಟೊದಲ್ಲಿ ಕಾಣದ ಜಾತಿಯದು. ಅಡುಗೆ ಕಟ್ಟೆಯ ಎತ್ತರ ಸಾಮಾನ್ಯವಾಗಿ 85ರಿಂದ 90 ಸೆಂಟಿಮೀಟರ್ ಇರುತ್ತದೆ. ಅದು ಸರಿಯಾಗುವುದು ಕೆಲಸ ಮಾಡುವವರ ಮಡಿಸಿದ ಮೊಣಕೈಗಿಂತ 10ರಿಂದ 15 ಸೆಂಟಿಮೀಟರ್ ಕೆಳಗಿದ್ದರೆ. ಇದನ್ನು ತಿಳಿಯಲು ಟೇಪು ಹಿಡಿದು ಮನೆಯವರ ಮೊಣಕೈಯನ್ನು ಅಳೆಯಬೇಕು. ಇಟಲಿಯ ಅಮೃತಶಿಲೆಯ ಹದಿನಾರು ತುಣುಕುಗಳನ್ನು ತಂದು ತೋರಿಸುವ ವಿನ್ಯಾಸಕರಿಗೆ ಸಿಗುವ ಗೌರವ ಮೊಣಕೈ ಅಳೆಯುವ ವಿನ್ಯಾಸಕರಿಗೆ ಸಿಗುವುದಿಲ್ಲ; ಅಂಥವರನ್ನು ದರ್ಜಿಯೆಂದು ತಿಳಿದು ಮನೆಯವರು ಗಾಬರಿಯಾಗುತ್ತಾರೆ. ಒಲೆ, ಸಿಂಕು, ಫ್ರಿಜ್ಜು ಇವುಗಳ ನಡುವಿನ ಓಡಾಟ ಎಷ್ಟಿರಬೇಕು, ಎದುರುಬದುರು ಕಟ್ಟೆಗಳಿದ್ದರೆ ನಡುವೆ ಒಂದು ಮೀಟರಿಗಿಂತ ತುಸು ಹೆಚ್ಚು ಜಾಗ ಏಕೆ ಬೇಕು, ಫ್ರಿಜ್ಜಿನ ಬಾಗಿಲು ಪೂರ್ತಿ ತೆರೆಯಲು ಗೋಡೆಯಿಂದ ಎಷ್ಟು ದೂರವಿಡಬೇಕು ಎಂಬ ಮಾತುಗಳು ಶುರುವಾದೊಡನೆ ಮನೆಯೊಡೆಯರು ಆಕಳಿಸಿ, "ಅದೆಲ್ಲ ಆಮೇಲೆ ನೋಡೋಣ, ಫಾಲ್ಸ್ ಸೀಲಿಂಗಿನಲ್ಲಿ ಏನೇನು ಮಾಡಬಹುದು ಹೇಳಿ" ಎನ್ನುತ್ತಾರೆ.

ಫಾಲ್ಸ್ ಸೀಲಿಂಗಿನಲ್ಲಿ ಏನು ಬೇಕಾದರೂ ಮಾಡಬಹುದು. ಎತ್ತರದ ಚಾವಣಿ ಬೇಕೆಂದು ಕಾಂಟ್ರಾಕ್ಟರನೊಡನೆ ಹೋರಾಡಿ ಗೆದ್ದವರು, ಅದೇ ಚಾವಣಿಯ ಕೆಳಗೆ ಜಿಪ್ಸಮ್ ಹಲಗೆಗಳನ್ನು ಮೂರು ಮೆಟ್ಟಿಲುಗಳಲ್ಲಿ ತೂಗುಹಾಕಿಸಿ, ಗಳಿಸಿದ ಎತ್ತರವನ್ನೆಲ್ಲ ಮರಳಿಸುತ್ತಾರೆ. ಅದರ ಅಂಚಿನೊಳಗೆ ಬಚ್ಚಿಟ್ಟ ಎಲ್‌ಇಡಿ ಪಟ್ಟಿಯನ್ನು ಗೃಹಪ್ರವೇಶದ ದಿನವೂ ಅತಿಥಿಗಳು ಬಂದ ದಿನವೂ ಹಚ್ಚಲಾಗುತ್ತದೆ. ಉಳಿದ ದಿನಗಳಲ್ಲಿ ಆ ಗೂಡಿನಲ್ಲಿ ಧೂಳು ತನ್ನ ಪಾಡಿಗೆ ತಾನು ನೆಮ್ಮದಿಯಿಂದ ಇರುತ್ತದೆ. ಮೇಜಿನ ಮೇಲೆ ಪುಸ್ತಕವಿಟ್ಟುಕೊಂಡು ಓದುವ ಮಗುವಿಗೆ ಬೇಕಾದ ದೀಪವೊಂದು ಇಷ್ಟೆಲ್ಲ ದೀಪಗಳ ನಡುವೆ ಬಿಟ್ಟುಹೋಗಿರುತ್ತದೆ. ಬೆಳಕಿನ ಬಣ್ಣವನ್ನು ಅಳೆಯುವ ಕೆಲ್ವಿನ್ ಲೆಕ್ಕದಲ್ಲಿ 2700ರ ಹಳದಿ ಬೆಳಕೂ 6500ರ ನೀಲಿಬಿಳುಪಿನ ಬೆಳಕೂ ಒಂದೇ ಕೋಣೆಯಲ್ಲಿ ಬೆರೆತು, ಊಟಕ್ಕೆ ಕುಳಿತವರ ಮುಖದ ಎಡಭಾಗಕ್ಕೆ ಸಂಜೆಯೂ ಬಲಭಾಗಕ್ಕೆ ಶಸ್ತ್ರಚಿಕಿತ್ಸೆಯ ಕೋಣೆಯೂ ಒದಗುತ್ತವೆ.

ಇದಕ್ಕೆಲ್ಲ ವಿನ್ಯಾಸಕರನ್ನೇ ದೂರುವುದು ಅನ್ಯಾಯ. ಅವರ ಸಂಭಾವನೆಯ ಪದ್ಧತಿಯನ್ನು ನೋಡಿದರೆ ಅವರಲ್ಲಿ ಇನ್ನೂ ಪ್ರಾಮಾಣಿಕರು ಉಳಿದಿರುವುದೇ ಸೋಜಿಗವೆನಿಸುತ್ತದೆ. ಶುಲ್ಕವನ್ನು ಒಟ್ಟು ಖರ್ಚಿನ ಶೇಕಡಾವಾರು ಲೆಕ್ಕದಲ್ಲಿ ಪಡೆಯುವುದು ಈ ವೃತ್ತಿಯಲ್ಲಿ ಸಾಮಾನ್ಯ. ಎಂದರೆ ಮನೆಯವರಿಗೆ ಹಣ ಉಳಿಸಿಕೊಟ್ಟಷ್ಟೂ ಉಳಿಸಿಕೊಟ್ಟವರ ಕೂಲಿ ಕಡಿಮೆಯಾಗುತ್ತದೆ. ಬರಿಯ ನಕ್ಷೆಗೆ, ಅಳತೆಗೆ, ಯೋಚನೆಗೆ ಪ್ರತ್ಯೇಕ ಶುಲ್ಕ ಕೇಳಿದರೆ ಮನೆಯೊಡೆಯರು ಹೌಹಾರುತ್ತಾರೆ: ಕಾಗದದ ಮೇಲೆ ಗೆರೆ ಎಳೆಯುವುದಕ್ಕೂ ದುಡ್ಡೇ? ಅದೇ ಮೊತ್ತವನ್ನು ಪ್ಲೈವುಡ್ಡಿನ, ಲ್ಯಾಮಿನೇಟಿನ, ಹಿಡಿಕೆಗಳ ಬೆಲೆಯೊಳಗೆ ಅಂಗಡಿಯವರ ಕಮಿಷನ್ನಾಗಿ ಅಡಗಿಸಿಟ್ಟರೆ ಸಂತೋಷವಾಗಿ ಕೊಡುತ್ತಾರೆ, ಜೊತೆಗೆ "ವಿನ್ಯಾಸ ಉಚಿತವಾಗಿ ಮಾಡಿಕೊಟ್ಟರು" ಎಂದು ನಾಲ್ಕು ಜನರ ಬಳಿ ಹೇಳಿಕೊಳ್ಳುತ್ತಾರೆ. ಉಚಿತ ವಿನ್ಯಾಸದಲ್ಲಿ ಕ್ಯಾಬಿನೆಟ್ಟುಗಳು ಹೆಚ್ಚುತ್ತಾ ಹೋಗುವುದಕ್ಕೂ, ಕೈಗೆಟುಕದ ಎತ್ತರದಲ್ಲಿ ಇನ್ನೊಂದು ಸಾಲು ಏಳುವುದಕ್ಕೂ, ಟಿವಿಯ ಹಿಂದಿನ ಗೋಡೆಗೆ ಉದ್ದುದ್ದ ಗೀರುಗಳ ಹಲಗೆ ಬೇಕೇ ಬೇಕೆಂದಾಗುವುದಕ್ಕೂ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಇಷ್ಟಾಗಿಯೂ ಅಲ್ಲೊಬ್ಬರು ಇಲ್ಲೊಬ್ಬರು ವಿನ್ಯಾಸಕರು ತಳಪಾಯ ಹಾಕುವ ಮುಂಚೆಯೇ ಬಂದು, ಮಂಚ ಎಲ್ಲೆಂದು ಕೇಳಿ, ಅದಕ್ಕೆ ತಕ್ಕಂತೆ ಕಿಟಕಿಯನ್ನು ಎರಡು ಅಡಿ ಸರಿಸಿ, ಬಾಗಿಲೊಂದನ್ನು ಎಡದಿಂದ ಬಲಕ್ಕೆ ತಿರುಗಿಸಿ, ಮೆಟ್ಟಿಲ ಕೆಳಗೆ ಪೊರಕೆಗೂ ಏಣಿಗೂ ಕಿರಿದಾದ ಕಪಾಟು ಗುರುತಿಸಿ, ಹಜಾರದ ಉದ್ದನೆಯ ಗೋಡೆಯನ್ನು ತೋರಿಸಿ "ಇಲ್ಲಿ ಏನೂ ಬೇಡ, ಖಾಲಿ ಬಿಡಿ" ಎಂದು ಹೇಳಿಹೋಗುವುದುಂಟು. ಮನೆ ಮುಗಿಯುತ್ತದೆ. ಯಾವ ಬಾಗಿಲೂ ಯಾವುದಕ್ಕೂ ಬಡಿಯುವುದಿಲ್ಲ, ಯಾರೂ ಎಡವುವುದಿಲ್ಲ, ಗೋಡೆಯನ್ನು ಮತ್ತೆ ಕೊರೆಯಬೇಕಾಗಿ ಬರುವುದಿಲ್ಲ. ಕೊನೆಯ ಕಂತಿನ ಬಿಲ್ಲನ್ನು ಕೈಯಲ್ಲಿ ಹಿಡಿದ ಮನೆಯೊಡೆಯರು ಆ ಖಾಲಿ ಗೋಡೆಯ ಕಡೆಗೊಮ್ಮೆ, ವಿನ್ಯಾಸಕರ ಕಡೆಗೊಮ್ಮೆ ನೋಡಿ, ಬಹಳ ಮರ್ಯಾದೆಯಿಂದಲೇ ಕೇಳುತ್ತಾರೆ: "ಎಲ್ಲಾ ಸರಿ, ಆದರೆ ಇದರಲ್ಲಿ ನೀವು ಮಾಡಿದ್ದು ಯಾವುದು?"