ಕೋಟಿ ಮೇಸ್ತ್ರಿಗಳ ಗುಳಿಗೆ

ಬಾಯಿಯ ಕ್ರಿಮಿಗಳಲ್ಲಿ ಶೇಕಡಾ 99.9ರಷ್ಟನ್ನು ಕೊಂದೇ ತೀರುತ್ತೇವೆಂದು ವರ್ಷಗಟ್ಟಲೆ ಶಪಥ ಮಾಡಿದ ಜಾಹೀರಾತುಗಳಿಗೆ ಈಗ ಕರುಣೆ ಉಕ್ಕಿದೆ. ಅದೇ ಬಾಯಿಗೆ ಕೋಟಿಗಟ್ಟಲೆ 'ಮಿತ್ರ' ಬ್ಯಾಕ್ಟೀರಿಯಾಗಳನ್ನು ತುಂಬಿಕೊಳ್ಳಿ, ಸವೆದ ಎನಾಮೆಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರ, ಮತ್ತೆ ಬೆಳೆಯುತ್ತದೆ ಎನ್ನುತ್ತಿವೆ. ಬೆಳಿಗ್ಗೆ ಮೌತ್‌ವಾಶ್‌ನಿಂದ ಸಾಮೂಹಿಕ ಸಂಹಾರ, ರಾತ್ರಿ ಪ್ರೊಬಯಾಟಿಕ್ ಗುಳಿಗೆಯಿಂದ ಪುನರ್ವಸತಿ. ಎರಡಕ್ಕೂ ಹಣ ನಮ್ಮದೇ.

ಎನಾಮೆಲ್ ಪಾಪ, ತೂಕದಲ್ಲಿ ಶೇಕಡಾ 96ರಷ್ಟು ಬರೀ ಖನಿಜ. ಅದರಲ್ಲಿ ಒಂದೇ ಒಂದು ಜೀವಕೋಶವಿಲ್ಲ. ಅದನ್ನು ಕಟ್ಟಿದ ಅಮೆಲೋಬ್ಲಾಸ್ಟ್ ಎಂಬ ಕೋಶಗಳು ಹಲ್ಲು ವಸಡು ಸೀಳಿ ಹೊರಬರುವ ಹೊತ್ತಿಗೆ ಕೆಲಸ ಮುಗಿಸಿ ಗತಿಸಿರುತ್ತವೆ. ಮೇಸ್ತ್ರಿ ತೀರಿಕೊಂಡ ಮನೆಗೆ ಹೊಸ ಮೇಸ್ತ್ರಿಗಳನ್ನು ಡಬ್ಬಿಯಲ್ಲಿ ಕಳುಹಿಸುತ್ತೇವೆ ಎನ್ನುವುದು ಈ ವ್ಯಾಪಾರದ ಸಾರ.

ಆ ಮೇಸ್ತ್ರಿಗಳ ಪೂರ್ವಾಪರವನ್ನು ಯಾರೂ ವಿಚಾರಿಸಿದಂತಿಲ್ಲ. ಹಲವು ಡಬ್ಬಿಗಳಲ್ಲಿ ಕುಳಿತಿರುವುದು ಲ್ಯಾಕ್ಟೋಬ್ಯಾಸಿಲಸ್. ಸಕ್ಕರೆ ತಿಂದು ಲ್ಯಾಕ್ಟಿಕ್ ಆಮ್ಲ ಉಗುಳುವುದು ಅದರ ಕುಲಕಸುಬು. ಆಮ್ಲ ಹೆಚ್ಚಿದಷ್ಟೂ ಇಳಿಯುವ ಪಿಎಚ್ ಎಂಬ ಅಳತೆ ಹಲ್ಲಿನ ಸುತ್ತ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್ ಕರಗತೊಡಗುತ್ತದೆ. ಆಳವಾದ ಹುಳುಕನ್ನು ಕೆದಕಿದಾಗ ಸಿಕ್ಕಿಬೀಳುವವರಲ್ಲಿ ಇದೇ ಮನೆತನದವರು ಧಾರಾಳವಾಗಿರುತ್ತಾರೆ. ಗೋಡೆ ಕಟ್ಟಲು ಕರೆಸಿದ್ದು ಕನ್ನ ಕೊರೆಯುವವರ ದಾಯಾದಿಗಳನ್ನು!

ಎಲ್ಲರನ್ನೂ ಒಂದೇ ಕೋಲಿನಿಂದ ಹೊಡೆಯಬಾರದು, ಒಪ್ಪಿದೆ. ಹುಳುಕಿನ ಮುಖ್ಯ ಆರೋಪಿ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್. ಅದರ ಸಂಖ್ಯೆಯನ್ನು ಪ್ರೊಬಯಾಟಿಕ್‌ನ ಕೆಲವು ತಳಿಗಳು ತಗ್ಗಿಸಿದ್ದು ಕೆಲವು ಪ್ರಯೋಗಗಳಲ್ಲಿ ಕಂಡಿದೆ. ಆದರೆ ಊರಲ್ಲಿ ಕಳ್ಳರು ಕಡಿಮೆಯಾದ ಮಾತ್ರಕ್ಕೆ ಕಳವಾದ ಚಿನ್ನ ಪೆಟ್ಟಿಗೆಗೆ ಮರಳುವುದಿಲ್ಲವಲ್ಲ. ಮೇಲಾಗಿ ಈ ಅತಿಥಿಗಳು ಬಾಯಿಯಲ್ಲಿ ಬಿಡಾರ ಹೂಡುವುದೇ ಅಪರೂಪ. ಗುಳಿಗೆ ನಿಲ್ಲಿಸಿದರೆ ಗಂಟುಮೂಟೆ ಕಟ್ಟುತ್ತವೆ. ಡಬ್ಬಿ ಖಾಲಿಯಾದರೆ ಇನ್ನೊಂದು ಡಬ್ಬಿ. ವಿಜ್ಞಾನ ಹೇಗಾದರೂ ಇರಲಿ, ಲೆಕ್ಕಾಚಾರ ಮಾತ್ರ ಪಕ್ಕಾ.

ಅಗಿಯುವ ಮಿಠಾಯಿಯ ರೂಪದಲ್ಲೂ ಇವು ಸಿಗುತ್ತವೆ. ಅಂಥ ಕೆಲವದರ ಪದಾರ್ಥಪಟ್ಟಿಯಲ್ಲಿ ಸಕ್ಕರೆಯೂ ಇದೆ, ಹುಳಿಗೆಂದು ಸಿಟ್ರಿಕ್ ಆಮ್ಲವೂ ಇದೆ. ಮೇಸ್ತ್ರಿಗಳಿಗೆ ಬುತ್ತಿ ಕಟ್ಟಿಕೊಟ್ಟಿದ್ದಾರೆಂದು ತಿಳಿಯೋಣ.

ಇತ್ತ ಖನಿಜ ಸೋರಿದ ಜಾಗಕ್ಕೆ ಕ್ಯಾಲ್ಸಿಯಂ, ಫಾಸ್ಫೇಟ್ ಹೊತ್ತು ತಂದು ಹಗಲಿಡೀ ತೇಪೆ ಹಚ್ಚುತ್ತಿರುವುದು ನಮ್ಮದೇ ಜೊಲ್ಲು. ಪೇಸ್ಟಿನ ಫ್ಲೋರೈಡ್ ಕೈಜೋಡಿಸಿದರೆ ತೇಪೆ ಇನ್ನೂ ಗಟ್ಟಿ. ಪುಕ್ಕಟೆ ದುಡಿಯುವ ಜೊಲ್ಲಿಗೆ ಬ್ರ್ಯಾಂಡ್ ಇಲ್ಲ, ರಾಯಭಾರಿಯಿಲ್ಲ. ಡಬ್ಬಿಯ ಮೇಲಿನ ಬೆಳ್ಳನೆಯ ಹಲ್ಲುಗಳನ್ನು ನೋಡುತ್ತಾ ನಾವು ಸುರಿಸುತ್ತಿರುವುದೂ ಅದನ್ನೇ.