ನ್ಯೂಯಾರ್ಕಿಗೆ ಹೊಂಟ ನಳ

ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿಯ ಜಾತ್ರೆ ಮೊದಲು ಹತ್ತು ವರ್ಷಕ್ಕೊಮ್ಮೆ ಬರುತ್ತಿತ್ತು: 1992ರಲ್ಲಿ ರಿಯೋ, 2002ರಲ್ಲಿ ಜೋಹಾನ್ಸ್‌ಬರ್ಗ್, 2012ರಲ್ಲಿ ಮತ್ತೆ ರಿಯೋ. 2015ರಲ್ಲಿ 17 ಗುರಿ, 169 ಉಪಗುರಿ ಅಂತ ಪಟ್ಟಿ ಕಟ್ಟಿದ ಮೇಲೆ ವರ್ಷಾ ಜುಲೈಗೆ ನ್ಯೂಯಾರ್ಕಿನಲ್ಲಿ ತೇರು. ದೇಶಗಳು ಅಲ್ಲಿ ಒಪ್ಪಿಸುವ ವರದಿಗೆ ‘ಸ್ವಯಂಪ್ರೇರಿತ ರಾಷ್ಟ್ರೀಯ ಪರಾಮರ್ಶೆ’ ಎಂದು ಹೆಸರು. ಭಾರತ 2017, 2020, 2025ರಲ್ಲಿ ಒಪ್ಪಿಸಿದೆ. ಈ ಸ್ವಯಂಪ್ರೇರಣೆ ದಿಲ್ಲಿ, ಬೆಂಗಳೂರು ದಾಟಿ ವಿಜಯಪುರ ಜಿಲ್ಲೆಯ ಒಂದು ಪಂಚಾಯ್ತಿಗೆ ಇಳಿಯುವಷ್ಟರಲ್ಲಿ ‘ಅತೀ ತುರ್ತು, ಸಂಜೆ 5ರೊಳಗೆ, ತಪ್ಪಿದಲ್ಲಿ ನೋಟಿಸ್’ ಆಗಿರುತ್ತದೆ. ಪತ್ರ ವಾಟ್ಸಾಪಿಗೆ ಬೀಳುವುದು ನಾಲ್ಕೂವರೆಗೆ, ಅದೂ ಅಡ್ಡಡ್ಡ.

ಆರನೇ ಗುರಿ ನೀರಿನದು. ಪಿಡಿಒ ವಾಟರ್‌ಮನ್‌ಗೆ ಫೋನ್ ಹಚ್ಚುತ್ತಾರೆ.

“ಊರಾಗ ಎಷ್ಟು ನಳಾ ಅದಾವಪಾ?”

“ನಾಕ್ನೂರಾ ಹನ್ನೆರಡ್ರೀ ಸಾಹೇಬ್ರ.”

“ನೀರು?”

“ಅದನ್ನೂ ಕೇಳ್ಯಾರೇನ್ರಿ?”

ಕೇಳಿಲ್ಲ. ಮನೆ 412, ನಳ 412, ಶೇಕಡಾ ನೂರು. ಜಲ ಜೀವನ್ ಮಿಷನ್ ಲೆಕ್ಕದಲ್ಲಿ ತಲೆಗೆ ದಿನಕ್ಕೆ 55 ಲೀಟರ್, ಅಂದರೆ ಐದು ಮಂದಿಯ ಮನೆಗೆ 275. ಪಿಡಿಒ ಪ್ರಾಮಾಣಿಕರಾದರೆ ಕಟ್ಟಕಡೆಯ ‘ಷರಾ’ ಕಾಲಂನಲ್ಲಿ ‘ಎಂಟು ದಿನಕ್ಕೊಮ್ಮೆ, ಸವಳು ನೀರು’ ಎಂದು ಬರೆದಾರು. ಬರೆದೂ ಉಪಯೋಗವಿಲ್ಲ. ತಾಲ್ಲೂಕಿನಲ್ಲಿ ಎಲ್ಲ ಪಂಚಾಯ್ತಿಗಳ ಹಾಳೆ ಒಂದು ಮಾಡುವಾಗ 412 ಕೂಡುತ್ತದೆ, ‘ಸವಳು’ ಕೂಡುವುದಿಲ್ಲ. ಎಕ್ಸೆಲ್ ಎರರ್ ತೋರಿಸುತ್ತದೆ. ಆಪರೇಟರ್ ಇಡೀ ಕಾಲಂ ಅಳಿಸುತ್ತಾನೆ. ಅವನದೇನು ತಪ್ಪು, ಆರೂವರೆಗೆ ಅವನ ಊರಿನ ಕೊನೇ ಬಸ್ಸು. ಜಿಲ್ಲೆಯಲ್ಲಿ ಸರಾಸರಿ, ರಾಜ್ಯದಲ್ಲಿ ಬಣ್ಣದ ನಕ್ಷೆ, ದಿಲ್ಲಿಯಲ್ಲಿ ‘ಮುಖ್ಯ ಸಂದೇಶ’ ಎಂಬ ವರದಿಯ ಸಾರಾಂಶ. ಅದಕ್ಕೆ ವಿಶ್ವಸಂಸ್ಥೆಯ ಮಿತಿ 700 ಪದ. ಷರಾ ಉಳಿದಿದ್ದರೂ ಅಲ್ಲಿ ಎಲ್ಲಿ ಹಿಡಿಯಬೇಕು?

ಇಷ್ಟಕ್ಕೇ ಮುಗಿಯಲಿಲ್ಲ. ಮರುದಿನ ಮೇಲಿನಿಂದ ಮತ್ತೊಂದು ಮೆಸೇಜು: ‘ನಳದಿಂದ ನೀರು ಬೀಳುತ್ತಿರುವ ಜಿಪಿಎಸ್ ಫೋಟೋ, ಫಲಾನುಭವಿ ಮಹಿಳೆ ಸಹಿತ.’ ಇದಕ್ಕೆ ನಿಜವಾದ ತಯಾರಿ ಬೇಕು. ತ್ರೀ ಫೇಸ್ ಕರೆಂಟ್ ಇರುವ ಹೊತ್ತು ನೋಡಿ ಬೋರಿನ ಮೋಟಾರು ಚಾಲೂ ಮಾಡಬೇಕು. ಬೋರು ಬತ್ತಿದ್ದರೆ 5,000 ಲೀಟರ್ ಟ್ಯಾಂಕರ್ ತರಿಸಿ ಸಂಪಿಗೆ ಸುರಿದು ಮೇಲಿನ ಟ್ಯಾಂಕಿಗೆ ಏರಿಸಬೇಕು. ಆಮೇಲೆ ಟ್ಯಾಂಕಿನ ಬುಡದ ಓಣಿಯೊಂದನ್ನು ಬಿಟ್ಟು ಉಳಿದ ಓಣಿಗಳ ವಾಲ್ವ್ ಬಂದ್. ಕೊನೇ ಓಣಿಗೆ ಹೋದೀರಿ ಜೋಕೆ: ಅಲ್ಲಿ ನಳ ತಿರುವಿದರೆ ಬರುವುದು ಗಾಳಿ, ಗಾಳಿ ಫೋಟೋದಲ್ಲಿ ಬೀಳುವುದಿಲ್ಲ.

ನಳದ ಮುಂದೆ ಒಬ್ಬ ಅಜ್ಜಿ, ಕೈಯಲ್ಲಿ ಕೊಡ. ಫೋಟೋ ತೆಗೆದು ವಾಟರ್‌ಮನ್ ವಾಲ್ವ್ ಕಡೆ ಹೊರಟ.

“ಯಪ್ಪಾ, ನಾ ಕಣ್ಣ ಮುಚ್ಚಿದ್ನಿ. ಇನ್ನೊಂದ್ ಹೊಡಿ,” ಎನ್ನುತ್ತ ಅಜ್ಜಿ ಬೆನ್ನ ಹಿಂದಿನಿಂದ ಎರಡನೇ ಕೊಡ ಮುಂದಕ್ಕೆ ತಳ್ಳಿದಳು.